ಸದಾನಂದ ಮಾವನ ಹಾಯಿದೋಣಿಗೆ ಏಸಿ

ಕಾಪು ಕಡೆಯ ಯಾವ ಮದುವೆಗೆ ಹೋದರೂ ಎರಡನೇ ಪಂಕ್ತಿಗೆ ಕಾಯುವವರ ನಡುವೆ ಒಂದು ಕಥೆ ಓಡಾಡುತ್ತಿರುತ್ತದೆ. "ಬಹರೈನಿಂದ ಬಂದ ಸದಾನಂದಣ್ಣ ಇದ್ದಾರಲ್ಲ, ಹೆಂಡತಿಗೆ ಸೆಖೆ ತಡೆಯುವುದಿಲ್ಲ ಅಂತ ಹಾಯಿದೋಣಿಗೆ ಕೈಯಾರೆ ಏಸಿ ಮಾಡಿ ಹಾಕಿದ್ದು ಮಾರಾಯ. ಎಂಥ ತಂಪು ಅಂದರೆ ಮೇ ತಿಂಗಳ ನಡು ಮಧ್ಯಾಹ್ನ ವಾರಿಜಕ್ಕ ಕಂಬಳಿ ಕೇಳಿದರಂತೆ!" ಕೇಳಿದವರೆಲ್ಲ ನಗುತ್ತಾರೆ. ಹೆಂಗಸರು ತಮ್ಮ ತಮ್ಮ ಗಂಡಂದಿರ ಕಡೆಗೆ ಒಮ್ಮೆ ನೋಡುತ್ತಾರೆ. ಗಂಡಂದಿರು ಮೊದಲ ಪಂಕ್ತಿ ಎದ್ದಿತೇ ಎಂದು ಬಾಗಿಲ ಕಡೆಗೆ ನೋಡುತ್ತಾರೆ.

ಈ ಕಥೆಯ ಮೇಲೆ ನನಗೆ ಆಕ್ಷೇಪಗಳಿವೆ. ಮೊದಲನೆಯದು ಕಂಬಳಿ. ಆ ದೋಣಿಯಲ್ಲಿ ಕಂಬಳಿ ಇರಲೇ ಇಲ್ಲ. ಇದ್ದದ್ದು ಮೈ ಒರೆಸುವ ಒಂದು ಬೈರಾಸು, ಅದೂ ಗ್ರೀಸು ಒರೆಸಿದ್ದು. ಎರಡನೆಯ ಆಕ್ಷೇಪ ಸ್ವಲ್ಪ ಗಂಭೀರವಾದದ್ದು: ಆ ದಿನ ಆ ಏಸಿಯಲ್ಲಿ, ತೀರ್ಪು ಹೊರಬಿದ್ದ ಗಳಿಗೆಯಲ್ಲಿ, ತಂಪು ಮಾಡುವಂಥದ್ದು ಏನೂ ಇರಲಿಲ್ಲ. ಏಸಿಯ ಪೆಟ್ಟಿಗೆ ಖಾಲಿ ಇದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಮದುವೆಯೂಟ ಮಾಡಿ ಬಂದಿದ್ದೇನೆ ಎಂದರೆ, ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ.

ಏಕೆಂದರೆ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾತಿಯವಳಲ್ಲ ನಾನು. ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿ ಹುಟ್ಟಿ, ಮಣಿಪಾಲದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಆ ಕಾಲದಲ್ಲಿ, ಅಂದರೆ ಹೊಸ ಶತಮಾನ ಬಂದು ಎರಡು ಮೂರು ವರ್ಷವಾಗಿದ್ದಾಗ, ಜಿಲ್ಲೆಯ ಯಾವ ಕಾಲೇಜಿನ ಚರ್ಚಾಸ್ಪರ್ಧೆಯಲ್ಲೂ ನನ್ನ ಹೆಸರು ಇರುತ್ತಿತ್ತು. ವರ್ಷ ಮುಗಿದ ಮೇಲೆ ವಾಪಸು ಕೊಡಬೇಕಾದ ಪರ್ಯಾಯ ಫಲಕಗಳನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದವಳು. ಚರ್ಚಾಸ್ಪರ್ಧೆಯಲ್ಲಿ ಕಲಿಸುವುದು ಸತ್ಯ ಹುಡುಕುವುದನ್ನು ಎಂದು ಹೊರಗಿನವರು ತಿಳಿದಿದ್ದಾರೆ. ಅಲ್ಲಿ ನಿಜವಾಗಿ ಕಲಿಸುವುದು, ಎರಡನೇ ಗಂಟೆ ಬಾರಿಸುವುದರೊಳಗೆ ಎದುರಿನವರ ಮಾತಿನಲ್ಲಿ ಬಿರುಕು ಹುಡುಕುವುದನ್ನು. ವಿಷಯದ ಪರ ಮಾತಾಡಬೇಕೋ ವಿರೋಧ ಮಾತಾಡಬೇಕೋ ಎಂಬುದನ್ನು ಚೀಟಿ ಎತ್ತಿ ತಿಳಿದುಕೊಳ್ಳುತ್ತಿದ್ದ ನನಗೆ ಸ್ವಂತ ಅಭಿಪ್ರಾಯ ಎಂಬುದು ಅಷ್ಟೇನೂ ಅಗತ್ಯದ ವಸ್ತುವಾಗಿರಲಿಲ್ಲ. ಕಾನೂನು ಕಾಲೇಜಿನ ಮೆಟ್ಟಿಲು ಹತ್ತದೆ ಇದ್ದರೂ ಮನೆಯವರು ನನಗೆ 'ಲಾಯರಮ್ಮ' ಎಂದು ಹೆಸರಿಟ್ಟಿದ್ದರು. ನಮ್ಮ ಮನೆಯ ವಾದಗಳೆಲ್ಲ ನಡೆಯುವುದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ಇಳಿಸುವಾಗ ಅರ್ಧ ಖಾರ ಹಾರಿಹೋಗಿದೆ ಎಂದು ತಿಳಿದೇ ಓದಬೇಕು.

ಸದಾನಂದ ಮಾವ ನನ್ನ ಅಮ್ಮನ ಅಣ್ಣ. ಹತ್ತೊಂಬತ್ತು ವರ್ಷ ಬಹರೈನಿನಲ್ಲಿ ಏಸಿ ಮೆಕ್ಯಾನಿಕ್ ಆಗಿದ್ದವರು. ಏಸಿಯ ಹೊರಭಾಗಗಳೆಲ್ಲ ಕಟ್ಟಡಗಳ ತಾರಸಿಯ ಮೇಲಿರುತ್ತವಂತೆ. ತಾರಸಿಯ ಮೇಲೆ ನಿಂತು ಬೆವರು ಒರೆಸಿಕೊಳ್ಳುವಾಗಲೆಲ್ಲ ಕೆಳಗೆ ಸಮುದ್ರದಲ್ಲಿ ಯಾರದೋ ಬಿಳಿ ಹಾಯಿದೋಣಿಗಳು ಸದ್ದಿಲ್ಲದೆ ಹೋಗುವುದು ಕಾಣುತ್ತಿತ್ತಂತೆ. ಊರಿಗೆ ಬಂದವರು ಅಂಗಡಿ ಇಡಲಿಲ್ಲ, ಬಸ್ಸು ಓಡಿಸಲಿಲ್ಲ, ಶಿರ್ವದ ಗಲ್ಫಿನವರ ಹಾಗೆ ಮನೆಯ ಮುಂದೆ ಕಂಬಗಳನ್ನು ನಿಲ್ಲಿಸಲಿಲ್ಲ. ಮಲ್ಪೆಯ ಹತ್ತಿರ ಪ್ರವಾಸಿಗರಿಗೆಂದು ಯಾರೋ ಗೋವಾದಿಂದ ತರಿಸಿ, ಪ್ರವಾಸಿಗರು ಬಾರದೆ ಕೈಬಿಟ್ಟಿದ್ದ ಒಂದು ಫೈಬರ್ ಹಾಯಿದೋಣಿಯನ್ನು ಕೊಂಡರು. ನಾಲ್ಕು ಜನ ಮೊಣಕಾಲು ಮಡಚಿ ಕೂರಬಹುದಾದ ಒಂದು ಕ್ಯಾಬಿನ್, ಒಂದು ಸೀಮೆಎಣ್ಣೆ ಸ್ಟವ್ವು, ಒಂದು ಕಂಬ, ಎರಡು ಹಾಯಿ. ಅದನ್ನು ಉದ್ಯಾವರ ಹೊಳೆಯಲ್ಲಿ, ಅದು ಕಡಲು ಸೇರುವ ಅಳಿವೆಗೆ ಸ್ವಲ್ಪ ಒಳಗೆ ಕಟ್ಟಿಹಾಕಿದರು. ಊರಿನ ಮೀನುಗಾರರು ಎಂಜಿನ್ ಹಾಕಿ ಮೂವತ್ತು ವರ್ಷವಾದ ಮೇಲೆ ಇವರು ಹಾಯಿ ಕಟ್ಟಲು ಹೊರಟದ್ದು ನೋಡಿ ದಡದಲ್ಲಿ ಬಲೆ ನೇಯುವವರಿಗೆ ಒಳ್ಳೆಯ ಮನರಂಜನೆ.

ಆ ದೋಣಿಯಲ್ಲಿ ವಾರಿಜತ್ತೆಯನ್ನು ಕೂರಿಸಿಕೊಂಡು ಗೋವಾದವರೆಗೆ ಹೋಗಬೇಕು ಎಂಬುದು ಮಾವನ ಒಂದೇ ಆಸೆ. ಲೆಕ್ಕ ಹಾಕಿದರೆ ಹತ್ತೊಂಬತ್ತು ವರ್ಷದಲ್ಲಿ ಅವರಿಬ್ಬರು ಒಂದೇ ಸೂರಿನಡಿ ಇದ್ದದ್ದು ವರ್ಷಕ್ಕೊಂದು ರಜೆಯಷ್ಟು ದಿನ. ಆದರೆ ಅತ್ತೆ ಒಮ್ಮೆ ಕ್ಯಾಬಿನ್ನಿಗೆ ಇಳಿದವರು ಐದೇ ನಿಮಿಷದಲ್ಲಿ ಹೊರಗೆ ಬಂದರು. ಐವತ್ತರ ಆಸುಪಾಸಿನ ಹೆಂಗಸರಿಗೆ ಹೊರಗಿನ ಬಿಸಿಲಿಗೆ ಸಂಬಂಧವಿಲ್ಲದೆ ಒಳಗಿನಿಂದಲೇ ಏಳುವ ಒಂದು ಸೆಖೆ ಇದೆ. ಅದರ ಮೇಲೆ ನಮ್ಮ ಕರಾವಳಿಯ ಏಪ್ರಿಲ್. ಮನೆಯಲ್ಲೇ ಅತ್ತೆ ಮಂಚ ಬಿಟ್ಟು ನೆಲದ ಮೇಲೆ, ಅದೂ ಕೆಂಪು ಸಿಮೆಂಟಿನ ಬರಿ ನೆಲದ ಮೇಲೆ ಮಲಗುತ್ತಿದ್ದರು. ಕರೆಂಟು ಹೋದರೆ ಅಡಿಕೆ ಹಾಳೆಯ ಬೀಸಣಿಗೆ.

"ಇದು ದೋಣಿಯಾ, ಕಡುಬಿನ ಪಾತ್ರೆಯಾ?" ಎಂದು ಅತ್ತೆ ಕೇಳಿದರು. "ನಾನು ಬರುವುದಿಲ್ಲ. ನೀವೇ ಬೇಯಿರಿ."

"ಏಸಿ ಮಾಡಿ ಹಾಕುತ್ತೇನೆ ಮಾರಾಯ್ತಿ. ನಾನು ಅಲ್ಲಿ ಶೇಖನ ಕುದುರೆ ಲಾಯಕ್ಕೇ ಏಸಿ ಹಾಕಿದವನು."

"ಅದೇ ಹೇಳಿದ್ದು. ಕುದುರೆಗೆ ಏಸಿ. ನನಗೆ ಬೀಸಣಿಗೆ."

ಮಾವ ಮರುದಿನದಿಂದ ಏಸಿಯ ಕೆಲಸಕ್ಕೆ ಕೂತರು.

ಹಾಯಿದೋಣಿಯಲ್ಲಿ ಕರೆಂಟು ಇಲ್ಲ, ಇದ್ದದ್ದು ಒಂದು ಕಾರಿನ ಬ್ಯಾಟರಿ. ಹಾಗಾಗಿ ಮಾವ ಬಲ್ಲ ಏಸಿಗಳು ಯಾವುವೂ ಅಲ್ಲಿ ನಡೆಯುವಂತಿರಲಿಲ್ಲ. ಅವರು ಹೊಸದೊಂದನ್ನು ಯೋಚಿಸಿದರು. ಶಿರ್ವದ ಒಬ್ಬ ಅಡುಗೆ ಗುತ್ತಿಗೆಯವನ ಹತ್ತಿರದಿಂದ ದೊಡ್ಡ ಥರ್ಮಾಕೋಲ್ ಪೆಟ್ಟಿಗೆ ಬಂತು. ಕಾರ್ಕಳದ ಗುಜರಿಯಿಂದ ಹಳೆಯ ಕಾರಿನ ರೇಡಿಯೇಟರನ್ನು ನಾನೇ ಬಸ್ಸಿನಲ್ಲಿ ತಂದೆ, ಕಂಡಕ್ಟರನ ಬೈಗುಳದ ಸಮೇತ. ಮಣಿಪಾಲದ ಕಂಪ್ಯೂಟರ್ ಅಂಗಡಿಯವರು ಎಸೆಯಲಿದ್ದ ನಾಲ್ಕು ಪುಟ್ಟ ಫ್ಯಾನುಗಳೂ ನನ್ನ ಮೂಲಕವೇ ಹೋದವು. ಪೆಟ್ಟಿಗೆಯೊಳಗೆ ಮಲ್ಪೆಯ ಐಸ್ ಕಾರ್ಖಾನೆಯ ಐಸು. ಫ್ಯಾನುಗಳು ಗಾಳಿಯನ್ನು ಪೆಟ್ಟಿಗೆಯೊಳಕ್ಕೆ ನೂಕುತ್ತವೆ, ಐಸನ್ನು ಸವರಿದ ಗಾಳಿ ರೇಡಿಯೇಟರನ್ನು ದಾಟಿ ಹೊರಗೆ ಬರುತ್ತದೆ, ಕರಗಿದ ನೀರನ್ನು ಒಂದು ಪುಟ್ಟ ಪಂಪು ಎತ್ತಿ ರೇಡಿಯೇಟರಿನ ಕೊಳವೆಗಳಲ್ಲಿ ಸುತ್ತಿಸುತ್ತದೆ. ಕ್ಯಾಬಿನ್ನಿನ ಬಿಸಿಗಾಳಿ ಹೊರಹೋಗಲೆಂದು ಮಾಡಿಗೆ, ಅಂದರೆ ಅದರ ಚಾವಣಿಗೆ, ಮುಂಭಾಗದಲ್ಲಿ ಒಂದು ದೊಡ್ಡ ತೂತು ಕೊರೆದು ಮುಂದಕ್ಕೆ ಬಾಗಿದ ಪಿವಿಸಿ ಪೈಪು ಸಿಕ್ಕಿಸಿದರು. ದೂರದಿಂದ ನೋಡಿದರೆ ದೋಣಿ ಯಾರನ್ನೋ ಕೂಗಲು ಕತ್ತೆತ್ತಿದ ಹಾಗೆ ಕಾಣುತ್ತಿತ್ತು.

ಸಾಮಾನು ಒದಗಿಸಿದವಳು ನಾನೇ. ವಿರೋಧ ಮಾಡಿದವಳೂ ನಾನೇ. ಇದರಲ್ಲಿ ನನಗೆ ಆಗ ಯಾವ ವಿರೋಧಾಭಾಸವೂ ಕಂಡಿರಲಿಲ್ಲ.

ಒಂದು ಭಾನುವಾರ ಕಾಪುವಿನ ಮನೆಯ ಚಾವಡಿಯಲ್ಲಿ ಮಧ್ಯಾಹ್ನದ ಊಟವಾಗಿ ಎಲ್ಲರೂ ಕೂತಿದ್ದಾಗ ಮಾವ ಪೇಪರಿನ ಮೇಲೆ ಚಿತ್ರ ಬಿಡಿಸಿ ಏಸಿಯನ್ನು ವಿವರಿಸಿದರು. ನಾನು ಎದ್ದು ನಿಂತೆ. ನಿಜಕ್ಕೂ ಎದ್ದೇ ನಿಂತೆ, ಅಭ್ಯಾಸಬಲ. ಕರಗುವುದು ಐಸಿನ ಸ್ವಭಾವ, ಅದನ್ನು ತಡೆಯುವ ಪೆಟ್ಟಿಗೆ ಗಾಳಿಯನ್ನೂ ತಡೆಯುತ್ತದೆ, ಗಾಳಿಯನ್ನು ಬಿಡುವ ಪೆಟ್ಟಿಗೆ ಐಸನ್ನೂ ಬಿಡುತ್ತದೆ ಎಂದೆ. ಗೋವಾಕ್ಕೆ ಹೋಗಲು ಎಷ್ಟು ದಿನವೋ ಅಷ್ಟು ದಿನದ ಐಸನ್ನು ಹೊತ್ತರೆ ದೋಣಿಯಲ್ಲಿ ಅತ್ತೆಗೆ ಜಾಗ ಉಳಿಯುವುದಿಲ್ಲ ಎಂದೆ. ಹುಬ್ಬಳ್ಳಿಯಲ್ಲಿ ಒದ್ದೆ ಹುಲ್ಲಿನ ಕೂಲರು ತಂಪು ಮಾಡುತ್ತದೆ, ಉಡುಪಿಯಲ್ಲಿ ಮಾಡುವುದಿಲ್ಲ, ಯಾಕೆಂದರೆ ಇಲ್ಲಿ ಗಾಳಿಯೇ ಒದ್ದೆ. ಕರಾವಳಿಯ ಶತ್ರು ಬಿಸಿಲಲ್ಲ, ಬೆವರು ಆರದಿರುವುದು ಎಂದೆ. ಹತ್ತು ನಿಮಿಷ. ಕೊನೆಗೆ, "ಆದ್ದರಿಂದ ಈ ಏಸಿ ಅತ್ತೆಗಾಗಿ ಅಲ್ಲ. ರಿಪೇರಿ ಮಾಡಲು ಏನೂ ಇಲ್ಲದೆ ಕೈ ತುರಿಸುತ್ತಿರುವ ಒಬ್ಬ ಮೆಕ್ಯಾನಿಕ್ಕಿಗಾಗಿ" ಎಂದು ಮುಗಿಸಿದೆ.

ಆ ಕೊನೆಯ ವಾಕ್ಯ ಬೇಕಿರಲಿಲ್ಲ. ಆದರೆ ಚರ್ಚಾಸ್ಪರ್ಧೆಯಲ್ಲಿ ಕೊನೆಯ ವಾಕ್ಯಕ್ಕೇ ಚಪ್ಪಾಳೆ ಬೀಳುವುದು.

ಇಲ್ಲಿ ಚಪ್ಪಾಳೆ ಬೀಳಲಿಲ್ಲ. ಅತ್ತೆ ಎಲೆ ಅಡಿಕೆಯ ತಟ್ಟೆ ಸರಿಸಿ, "ಹುಡುಗಿ ಹೇಳುವುದು ಸರಿ ಉಂಟು" ಎಂದರು. "ನೋಡಿ, ಒಂದು ಮಾತು. ನಾನು ಒಂದು ದಿನ ಬಂದು ಕೂರುತ್ತೇನೆ. ಬೆಳಿಗ್ಗೆ ಹತ್ತರಿಂದ ಒಂದು ಗಂಟೆವರೆಗೆ. ತಣ್ಣಗಾದರೆ ಗೋವಾ. ಇಲ್ಲದಿದ್ದರೆ ಆ ದೋಣಿ ಮಾರಿಬಿಡಿ. ಆಮೇಲೆ ಅದರ ಹೆಸರೆತ್ತಬಾರದು."

"ಆಯಿತು" ಎಂದರು ಮಾವ. ಚಿತ್ರ ಬಿಡಿಸಿದ ಪೇಪರನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡರು. ನನ್ನ ಕಡೆ ನೋಡಲಿಲ್ಲ. ಎಷ್ಟೋ ಸಲ ಗೆದ್ದಿದ್ದೇನೆ, ಆದರೆ ಸೋತವರು ಪೇಪರು ಮಡಚುವುದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ವೇದಿಕೆಯ ಮೇಲೆ ಎದುರಾಳಿ ನಿಮ್ಮ ಮಾವ ಆಗಿರುವುದಿಲ್ಲ.

ಆಮೇಲಿನ ಎರಡು ವಾರ ನನಗೆ ಓದು ಹತ್ತಲಿಲ್ಲ. ಲೈಬ್ರರಿಯಲ್ಲಿ ಕೂತು, ನನ್ನದೇ ವಾದದಲ್ಲಿ ಬಿರುಕು ಹುಡುಕತೊಡಗಿದೆ. ಎಲ್ಲೂ ಬಿರುಕಿರಲಿಲ್ಲ. ಅಷ್ಟು ಚೆನ್ನಾಗಿ ಮಾತಾಡಿದ್ದಕ್ಕೆ ಜೀವನದಲ್ಲಿ ಮೊದಲ ಸಲ ವಿಷಾದವಾಯಿತು.

ಏಸಿಯ ಪರೀಕ್ಷೆಯ ದಿನ ನಾನು ಕೆಮಿಸ್ಟ್ರಿ ಲ್ಯಾಬಿನಿಂದ ಒಂದು ಥರ್ಮಾಮೀಟರು ಬೇಡಿ ತಂದಿದ್ದೆ. ಪಕ್ಷಪಾತ ಬೇಡ ಎಂಬ ಕಾರಣಕ್ಕೆ ಎಂದು ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಒಂದೆರಡು ಡಿಗ್ರಿಯಾದರೂ ಇಳಿದದ್ದು ತೋರಿಸಿ ಮಾವನ ಪರವಾಗಿ ಸಾಕ್ಷಿ ಹೇಳೋಣ ಎಂದಿದ್ದೆ. ಅತ್ತೆಯೂ ನಾನೂ ರಿಕ್ಷಾದಲ್ಲಿ ಮಲ್ಪೆಗೆ ಹೋದೆವು. ಮಾವ ದೋಣಿಯನ್ನು ಆಗಲೇ ಬಂದರಿನ ಪಕ್ಕಕ್ಕೆ ತಂದು ಐಸು ತುಂಬಿಸುತ್ತಿದ್ದರು. ಜತೆಗೆ ಬಸಪ್ಪ. ಬಾಗಲಕೋಟೆ ಕಡೆಯವನು, ಶಿರ್ವದಲ್ಲಿ ಗಲ್ಫಿನವರ ಮನೆಗಳಿಗೆ ಗಾರೆ ಕೆಲಸ ಮಾಡುವವನು, ಕೆಲಸವಿಲ್ಲದ ದಿನ ಮಾವನ ಜತೆ ದೋಣಿಗೆ ಬರುವವನು. ನೀರೆಂದರೆ ಹೆದರಿಕೆ, ಆದರೂ ಬರುತ್ತಿದ್ದ. ಐಸಿನ ದಿಮ್ಮಿಯನ್ನು ಗೋಣಿಯಲ್ಲಿ ಸುತ್ತಿ ಕುಟ್ಟಿ ಪುಡಿ ಮಾಡುತ್ತಾ, "ನಮ್ಮ ಕಡೆ ಬಿಸಲು ಭಾಳರೀ ಅಕ್ಕಾರ, ಆದ್ರ ಹಿಂಗ ಕುಂತಲ್ಲೇ ನೀರು ಇಳಿಯಂಗಿಲ್ಲ. ಇಲ್ಲಿ ಮನುಷ್ಯಾನ ಕರಗ್ತಾನ, ಐಸಿಂದೇನ್ ಕತಿ?" ಎಂದ. ನನ್ನ ಹತ್ತು ನಿಮಿಷದ ಭಾಷಣವನ್ನು ಅವನು ಎರಡು ವಾಕ್ಯದಲ್ಲಿ ಮುಗಿಸಿಬಿಟ್ಟ.

ಆಗ ನಡೆದದ್ದು ನೋಡಿ, ಇಡೀ ಪ್ರಕರಣದ ತಿರುವು ಅದು. ನಮ್ಮ ಊರಿನವರನ್ನು ಬಿಟ್ಟರೆ ಬೇರೆ ಯಾರೂ ಮಾಡಲಾರದ ತಪ್ಪು. ಬಂದರಿನಲ್ಲಿ ಆಗಷ್ಟೇ ಒಂದು ಬೋಟು ಬಂದಿತ್ತು. ಅತ್ತೆ ಸುಮ್ಮನೆ ಅತ್ತ ನೋಡಿ, "ಬಂಗುಡೆ ಬಂದ ಹಾಗೆ ಉಂಟು" ಎಂದರು. ಅಷ್ಟೇ. ಮಾವ ತಲೆಯೆತ್ತಿದರು. ಬುಟ್ಟಿಯಲ್ಲಿ ಬೆನ್ನು ಇನ್ನೂ ನೀಲಿಯಾಗಿ ಹೊಳೆಯುವ ಬಂಗುಡೆ ಮೀನು. ಅದನ್ನು ನೋಡಿಯೂ ಕೊಳ್ಳದೆ ಮುಂದೆ ಹೋಗುವ ಮನುಷ್ಯ ಕಾಪುವಿನಿಂದ ಮಲ್ಪೆವರೆಗೆ ಇನ್ನೂ ಹುಟ್ಟಿಲ್ಲ. ಮಾವ ಕೊಂಡರು. ಕೊಂಡ ಮೇಲೆ ಇಡುವುದೆಲ್ಲಿ? ಬಿಸಿಲು ಏರುತ್ತಿದೆ. ಎದುರಿಗೇ ಪೆಟ್ಟಿಗೆ ತುಂಬ ಐಸು. ಹತ್ತೊಂಬತ್ತು ವರ್ಷದ ಅನುಭವ, ನಾಲ್ಕು ಮಡಿಕೆಯ ನಕ್ಷೆ, ಗೋವಾದ ಆಸೆ ಎಲ್ಲವನ್ನೂ ಬದಿಗಿಟ್ಟು, ಒಂದು ಕ್ಷಣವೂ ಯೋಚಿಸದೆ, ಅವರು ಬಂಗುಡೆಗಳನ್ನು ಏಸಿಯೊಳಗೆ ಇಟ್ಟರು.

ಅಳಿವೆಯ ಒಳಗೆ ಲಂಗರು ಹಾಕಿದೆವು. ಹತ್ತು ಗಂಟೆ. ಬೆಳಗಿನ ಗಾಳಿ ಸತ್ತಿತ್ತು, ಹೊಳೆ ಎಣ್ಣೆಯ ಹಾಗೆ ಅಲುಗಾಡದೆ ಬಿದ್ದಿತ್ತು. ಅತ್ತೆ ಚೀಲ ತಬ್ಬಿಕೊಂಡು ಕ್ಯಾಬಿನ್ನಿಗೆ ಇಳಿದರು, ಹಿಂದೆ ಥರ್ಮಾಮೀಟರು ಹಿಡಿದ ನಾನು, ಬಾಗಿಲು ಮುಚ್ಚಿದ್ದಾಯಿತು. ಮೂವತ್ತನಾಲ್ಕು ಡಿಗ್ರಿ. ಮಾವ ಸ್ವಿಚ್ಚು ಒತ್ತಿದರು. ನಾಲ್ಕು ಫ್ಯಾನುಗಳು ಗುಂಯ್ ಎಂದವು, ಪಂಪು ಗುಳುಗುಳು ಎಂದಿತು, ರೇಡಿಯೇಟರಿನಿಂದ ಗಾಳಿ ಬಂತು.

ಬಂದ ಗಾಳಿ ತಂಪಾಗಿತ್ತು. ಪ್ರಾಮಾಣಿಕವಾಗಿ ಹೇಳುತ್ತೇನೆ, ನಿಜವಾಗಿಯೂ ತಂಪಾಗಿತ್ತು. ಕಾಲು ಗಂಟೆಯಲ್ಲಿ ಮೂವತ್ತೊಂದು. ನನ್ನ ವಾದ ಕುಸಿಯುತ್ತಿತ್ತು, ನಾನು ಹಿಗ್ಗುತ್ತಿದ್ದೆ. ಆದರೆ ಆ ತಂಪಿನ ಜತೆಗೇ ಬಂದರಿನ ಸಮಸ್ತ ವಾಸನೆಯೂ ಕ್ಯಾಬಿನ್ನಿನೊಳಗೆ ಬಂದು ನಮ್ಮ ಮಡಿಲಲ್ಲಿ ಕೂತಿತು. ಬಂಗುಡೆ ಎಷ್ಟೇ ತಾಜಾ ಇರಲಿ, ಅದರ ಮೇಲೆ ಹಾದ ಗಾಳಿಯನ್ನು ಫ್ಯಾನು ಹಾಕಿ ಮುಖಕ್ಕೆ ಬೀಸಿಸಿಕೊಳ್ಳುವುದು ಬೇರೆಯೇ ಅನುಭವ. ಕುಡಿಯುವ ನೀರು ಕೊಡಲು ಬಾಗಿಲು ತೆಗೆದು ಇಣುಕಿದ ಬಸಪ್ಪ, ಮೀನು ಮುಟ್ಟದ ಮನೆಯವನು, "ಅಯ್ಯಯ್ಯ, ಇದೇನ್ ಏಸಿ ಐತೋ ಮೀನಿನ ಲಾರಿ ಐತೋ!" ಎಂದು ದೋಣಿಯ ಮೂತಿಯ ತುದಿಗೆ ಓಡಿಹೋಗಿ, ಜೀವನದಲ್ಲಿ ಮೊದಲ ಸಲ ನೀರಿನ ಹೆದರಿಕೆ ಮರೆತು ಅಲ್ಲೇ ಕೂತ. ಮಾವ ಅವನನ್ನು ಸಮಾಧಾನ ಮಾಡಲು ಮುಂದಕ್ಕೆ ಹೋದರು. ಅಲ್ಲಿ ಲಂಗರಿನ ಹಗ್ಗ ಗಂಟಾಗಿತ್ತು. ಗಂಟು ಬಿಡಿಸುತ್ತಾ ಇಬ್ಬರೂ ಅಲ್ಲೇ ಉಳಿದರು. ನನ್ನ ಪ್ರಕಾರ ಮಾವನಿಗೆ ಕ್ಯಾಬಿನ್ನಿಗೆ ಇಳಿದು ಹೆಂಡತಿಯ ಮುಖ ನೋಡುವ ಧೈರ್ಯ ಇರಲಿಲ್ಲ.

ಅತ್ತೆ ಸೆರಗನ್ನು ಮೂಗಿಗೆ ಹಿಡಿದು ಅರ್ಧ ಗಂಟೆ ಕೂತರು. ಆಮೇಲೆ ಎದ್ದು ಪೆಟ್ಟಿಗೆಯ ಮುಚ್ಚಳ ತೆಗೆದರು. ಸ್ಟವ್ವಿನ ಪಕ್ಕದಲ್ಲಿದ್ದ ದೊಡ್ಡ ಅಲ್ಯುಮಿನಿಯಂ ಬೋಗುಣಿಗೆ ಮೊದಲು ಬಂಗುಡೆ, ಅದರ ಮೇಲೆ ಬೊಗಸೆ ಬೊಗಸೆಯಾಗಿ ಐಸು, ಒಂದು ಚೂರೂ ಬಿಡದೆ ತುಂಬಿಸಿ ಗೋಣಿ ಮುಚ್ಚಿ ಬೆಂಚಿನಡಿಗೆ ತಳ್ಳಿದರು. ಕರಗಿದ ನೀರನ್ನು ಬಾಗಿಲಿನಿಂದ ಹೊಳೆಗೆ ಚೆಲ್ಲಿದರು. "ಅತ್ತೇ, ಏಸಿ!" ಎಂದೆ ನಾನು. "ಮೀನು ಹಾಳಾದರೆ?" ಎಂದರು ಅವರು, ಇದಕ್ಕಿಂತ ದೊಡ್ಡ ಕಾರಣ ಲೋಕದಲ್ಲಿ ಇಲ್ಲವೇ ಇಲ್ಲ ಎಂಬ ಧಾಟಿಯಲ್ಲಿ. ನೀರಿಲ್ಲದ ಪಂಪು ಕಿರುಚತೊಡಗಿತು. ಅದರ ವಯರನ್ನೂ ಕಿತ್ತರು. ವಾಸನೆ ಹೋಗಲೆಂದು ಹಿಂದಿನ ಬಾಗಿಲನ್ನು ಪೂರ್ತಿ ತೆರೆದಿಟ್ಟು ಮತ್ತೆ ತಮ್ಮ ಜಾಗದಲ್ಲಿ ಕೂತರು. ಈಗ ಬರಿ ನಾಲ್ಕು ಫ್ಯಾನುಗಳು ಖಾಲಿ ಪೆಟ್ಟಿಗೆಗೆ ಗಾಳಿ ಊದುತ್ತಿದ್ದವು. ಥರ್ಮಾಮೀಟರು ಮತ್ತೆ ಮೂವತ್ತನಾಲ್ಕಕ್ಕೆ ಹತ್ತಿತು. ದೋಣಿ ಹೋಯಿತು ಎಂದುಕೊಂಡೆ.

ಹನ್ನೆರಡು ಕಳೆದು ಸ್ವಲ್ಪ ಹೊತ್ತಿಗೆ ದೋಣಿ ಮೆಲ್ಲಗೆ, ಯಾರೋ ಭುಜ ಹಿಡಿದು ತಿರುಗಿಸಿದ ಹಾಗೆ, ಪಡುವಣಕ್ಕೆ ಮುಖ ಮಾಡಿತು. ಕಡಲ ಗಾಳಿ ಎದ್ದಿತ್ತು. ಲಂಗರು ಹಾಕಿದ ದೋಣಿ ಯಾವಾಗಲೂ ಗಾಳಿಯ ಕಡೆಗೇ ಮೂತಿ ತಿರುಗಿಸುತ್ತದೆ. ಬಿಸಿಗಾಳಿ ಹೊರಹೋಗಲೆಂದು ಮಾವ ಸಿಕ್ಕಿಸಿದ್ದ, ಮುಂದಕ್ಕೆ ಬಾಯಿ ತೆರೆದ ಪೈಪಿನೊಳಗೆ ಇಡೀ ಅರಬ್ಬೀ ಸಮುದ್ರದ ಗಾಳಿ ನುಗ್ಗಿತು. ಎದುರಿನಿಂದ ಬಂದದ್ದು ಹಿಂದಿನ ತೆರೆದ ಬಾಗಿಲಿನಿಂದ ಹೊರಟುಹೋಗುತ್ತಿತ್ತು. ಮಧ್ಯದಲ್ಲಿ ನಾವಿಬ್ಬರು. ನನ್ನ ಕತ್ತಿನ ಬೆವರು ಆರಿದ್ದು ನನಗೆ ಗೊತ್ತಾಯಿತು. ಅತ್ತೆ ಸೆರಗು ಕೆಳಗಿಳಿಸಿ, ಕಣ್ಣು ಮುಚ್ಚಿ, ತಲೆಯನ್ನು ಹಿಂದಕ್ಕೆ ಒರಗಿಸಿದರು. ಅವರ ಮುಖದಲ್ಲಿ ಆ ಒಳಗಿನ ಸೆಖೆ ಇಳಿಯುವುದನ್ನು ನಾನು ನೋಡಿದೆ.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಆಮೇಲೆ ಪುಸ್ತಕಗಳಲ್ಲಿ ಹುಡುಕಿದಾಗ ತಿಳಿದದ್ದು. ಕೊಲ್ಲಿಯ ದೇಶಗಳಲ್ಲಿ ಎಣ್ಣೆಯ ಹಣ ಬರುವುದಕ್ಕೆ ಮೊದಲು ಕಟ್ಟಿದ ಮನೆಗಳ ಮೇಲೆ ಗೋಪುರಗಳಿರುತ್ತಿದ್ದವಂತೆ. ಗಾಳಿ ಬರುವ ದಿಕ್ಕಿಗೆ ಬಾಯಿ ತೆರೆದು, ಮೇಲಿನ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುವ ಗೋಪುರಗಳು. ನೂರಾರು ವರ್ಷ ಆ ಜನ ಮರಳುಗಾಡಿನಲ್ಲಿ ಹಾಗೆಯೇ ಬದುಕಿದರು. ಆಮೇಲೆ ನಮ್ಮ ಮಾವನಂಥವರು ಕರಾವಳಿಯಿಂದ ವಿಮಾನ ಹತ್ತಿ ಹೋಗಿ ಅಲ್ಲಿ ಏಸಿ ಕೂರಿಸಿದರು. ಹತ್ತೊಂಬತ್ತು ವರ್ಷ ಆ ಗೋಪುರಗಳ ನೆರಳಲ್ಲೇ ಸ್ಕ್ರೂ ತಿರುಗಿಸಿದ ಮನುಷ್ಯ, ಅದನ್ನು ಒಮ್ಮೆಯೂ ನೋಡದೆ, ಕೊನೆಗೆ ಉದ್ಯಾವರ ಹೊಳೆಯಲ್ಲಿ ತಪ್ಪಿ ಅದನ್ನೇ ಕಟ್ಟಿದ್ದರು. ಕಲಿಯದೆ ಬಂದ ವಿದ್ಯೆ ಎಂದರೆ ಇದೇ ಇರಬೇಕು. ಅಥವಾ ಬರೀ ಪೈಪಿನ ಬಾಗು ಆ ಕಡೆಗಿತ್ತು, ಅಷ್ಟೇ. ನನ್ನ ಒಳಗಿನ ಸಂಶಯವಾದಿ ಎರಡನೆಯದನ್ನೇ ಹೇಳುತ್ತಾಳೆ.

ಸರಿಯಾಗಿ ಒಂದು ಗಂಟೆಗೆ ಮಾವ ಬಂದರು. ಬಾಗಿಲಲ್ಲಿ ನಿಂತು, ಹೆಂಡತಿಯ ಮುಖ ನೋಡದೆ, ನನ್ನ ಕೈಯ ಥರ್ಮಾಮೀಟರನ್ನೂ ನೋಡದೆ, ಎಲ್ಲೋ ನಡುವೆ ನೋಡುತ್ತಾ ಕೇಳಿದರು: "ಹೇಗುಂಟು?"

"ತಣ್ಣಗುಂಟು" ಎಂದರು ಅತ್ತೆ.

"ಹೌದಾ?"

"ಹೌದು ಅಂದೆನಲ್ಲ. ಎಷ್ಟು ಸಲ ಹೇಳಬೇಕು?"

ಮಾವ ನನ್ನ ಕಡೆಗೆ ತಿರುಗಿದರು. "ಲಾಯರಮ್ಮ ಎಂತ ಹೇಳ್ತಾಳೆ?"

ನನ್ನ ಕೈಯಲ್ಲಿ ಮೂವತ್ಮೂರು ಡಿಗ್ರಿ ಇತ್ತು. ನನ್ನ ಮೊಣಕಾಲಿನ ಪಕ್ಕದಲ್ಲಿ ಖಾಲಿ ಪೆಟ್ಟಿಗೆ, ಕಿತ್ತ ವಯರು. ಪ್ರತಿವಾದಕ್ಕೆ ಇಷ್ಟು ಸಾಮಗ್ರಿ ನನಗೆ ಯಾವ ವೇದಿಕೆಯಲ್ಲೂ ಸಿಕ್ಕಿರಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅತ್ತೆ ನನ್ನನ್ನು ನೋಡಲಿಲ್ಲ, ಕಣ್ಸನ್ನೆ ಮಾಡಲಿಲ್ಲ, ಕಿಟಕಿಯ ಆಚೆ ನೋಡುತ್ತಿದ್ದರು. ನಾನು ಥರ್ಮಾಮೀಟರನ್ನು ಅದರ ಕೊಳವೆಯೊಳಗೆ ತಳ್ಳಿ ಮುಚ್ಚಳ ಹಾಕಿದೆ.

"ನನಗೆ ಎಂತ ಹೇಳಲಿಕ್ಕೂ ಇಲ್ಲ" ಎಂದೆ.

ಮಾವ ನಕ್ಕರು. "ಬಸಪ್ಪಾ, ಕೇಳಿದಿಯಾ? ಈ ಹುಡುಗಿಗೆ ಹೇಳಲಿಕ್ಕೆ ಎಂತದೂ ಇಲ್ಲವಂತೆ!" ಎಂದು ಮುಂದಕ್ಕೆ ಕೂಗಿದರು. ನಕ್ಕದ್ದು ನನ್ನ ಮೇಲೆ. ಹಾಗೆ ನಗಿಸಿಕೊಂಡದ್ದು ನನಗೆ ಎಷ್ಟು ಹಗುರಾಯಿತು ಎಂದರೆ, ಎರಡು ವಾರ ಹೊತ್ತ ಐಸಿನ ದಿಮ್ಮಿಯನ್ನು ಯಾರೋ ಎದೆಯಿಂದ ಇಳಿಸಿದ ಹಾಗೆ. ಸೋಲಿನಲ್ಲಿ ಇಷ್ಟು ಆರಾಮ ಇದೆ ಎಂದು ಯಾವ ತೀರ್ಪುಗಾರರೂ ನನಗೆ ಹೇಳಿರಲಿಲ್ಲ.

ಆ ಸಂಜೆ ಪೆಟ್ಟಿಗೆಯನ್ನು ತೊಳೆದವರು ಮಾವ. ನಾನು ದಡದಲ್ಲಿ ಕೂತು ನೋಡುತ್ತಿದ್ದೆ. ನೀರು ಹಾಕುವ ಮೊದಲು ಪೆಟ್ಟಿಗೆಯ ಒಣ ತಳವನ್ನು ಅವರು ಬೆರಳಿನಿಂದ ಒಮ್ಮೆ ಸವರಿದರು. ಪಂಪಿನ ವಯರು ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ಹಿಡಿದಿದ್ದರು. ಹತ್ತೊಂಬತ್ತು ವರ್ಷದ ಮೆಕ್ಯಾನಿಕ್ಕಿಗೆ ಅದರ ಅರ್ಥ ತಿಳಿಯದೆ ಹೋಯಿತು ಎಂದು ನೀವು ವಾದಿಸಿದರೆ ನಾನು ಆ ವಾದವನ್ನು ಒಂದೇ ನಿಮಿಷದಲ್ಲಿ ಮುರಿಯಬಲ್ಲೆ. ಆಮೇಲೆ ಅವರು ವಯರನ್ನು ಇದ್ದ ಜಾಗಕ್ಕೇ ಸಿಕ್ಕಿಸಿ, ಮಾಡಿನ ಪೈಪು ಅಲುಗಾಡದಂತೆ ಇನ್ನೊಂದು ಕ್ಲಾಂಪು ಹಾಕಿದರು. ಮಳೆಗಾಲ ಕಳೆದು ಗೋವಾಕ್ಕೆ ಹೋದರು, ಇಬ್ಬರೇ. ಹೊರಡುವಾಗ ಪೆಟ್ಟಿಗೆಗೆ ಐಸು ತುಂಬಿಸಿದ್ದು ಮಾವ. ದಾರಿಯಲ್ಲಿ ಅದನ್ನು ಮೀನಿಗೆ ಹಾಕಿದ್ದು ಅತ್ತೆ. ಇಬ್ಬರೂ ಇಂದಿಗೂ ಅದನ್ನು ಏಸಿ ಎಂದೇ ಕರೆಯುತ್ತಾರೆ.

ನನಗೆ ಉಳಿದಿರುವ ತೊಡಕು ಬೇರೆಯದು. ತೀರ್ಪು ಹೇಳಿದ ಅತ್ತೆ, ಅದೇ ಉಸಿರಿಗೆ ಸ್ಟವ್ವು ಹಚ್ಚಿದರು. ಮನೆಯಲ್ಲಿ ಗಂಜಿ ಇಟ್ಟು ಬಂದಿದ್ದೇನೆ, ಒಂದು ಗಂಟೆ ಆದದ್ದೇ ಎದ್ದು ಹೋಗುವುದು ಎಂದು ರಿಕ್ಷಾದಲ್ಲಿ ನನಗೆ ಹೇಳಿದ್ದವರು. ಆದರೆ ಬೆಳಗಿನಿಂದ ಮಡಿಲಲ್ಲಿಟ್ಟುಕೊಂಡಿದ್ದ ಆ ಚೀಲದಿಂದ ಕುಚ್ಚಲಕ್ಕಿ ಬಂತು, ಬಸಪ್ಪನಿಗೆಂದು ಉಪ್ಪಿನಕಾಯಿಯ ಭರಣಿ ಬಂತು, ಕೊನೆಗೆ ಒಂದು ಸ್ಟೀಲಿನ ಡಬ್ಬಿ. ಡಬ್ಬಿಯಲ್ಲಿ ಕೆಂಪು ಮೆಣಸು, ಕೊತ್ತಂಬರಿ, ಹುಣಸೆ, ತೆಂಗಿನಕಾಯಿ ಸೇರಿಸಿ ಗಂಧದ ಹಾಗೆ ನುಣ್ಣಗೆ ಕಡೆದ ಬಂಗುಡೆಯ ಮಸಾಲೆ. ಕಾಪುವಿನ ಮನೆಯ ಕಡೆಯುವ ಕಲ್ಲಿನಲ್ಲಿ ಬೆಳಿಗ್ಗೆಯೇ ಕಡೆದದ್ದು. ನಾವು ಬಂದರಿಗೆ ಹೋಗುವ ಮೊದಲು, ಬುಟ್ಟಿಯಲ್ಲಿ ಬಂಗುಡೆ ಇದೆಯೋ ಇಲ್ಲವೋ ತಿಳಿಯುವ ಮೊದಲು, ಮಾವ ಸ್ವಿಚ್ಚು ಒತ್ತುವ ಮೊದಲು. ಆ ಹೊಳೆಯ ದಡದಲ್ಲೇ ಬೆಳೆದವರು ಅತ್ತೆ. ಗಾಳಿ ಹನ್ನೆರಡರ ಮೇಲೆ ತಿರುಗುತ್ತದೆ ಎಂದು ಗೊತ್ತಿಲ್ಲದವರು ಪರೀಕ್ಷೆಯನ್ನು ಒಂದು ಗಂಟೆವರೆಗೆ ಇಡುತ್ತಾರೆಯೇ?

ಹಾಗಾದರೆ ತೀರ್ಪು ಮನೆಯಲ್ಲೇ ಆಗಿತ್ತು, ನನ್ನ ಆ ಹತ್ತು ನಿಮಿಷದ ಭಾಷಣ ಏನನ್ನೂ ಕೆಡಿಸಿರಲಿಲ್ಲ, ಏನನ್ನೂ ಬದಲಿಸಿಯೂ ಇರಲಿಲ್ಲ. ವಾದಿಯಾಗಿ ಇದು ಅವಮಾನ. ಸೋದರ ಸೊಸೆಯಾಗಿ, ಇದಕ್ಕಿಂತ ದೊಡ್ಡ ನೆಮ್ಮದಿ ನನಗೆ ಬೇರೆ ಇಲ್ಲ. ಆದರೂ ಕೇಳದೆ ಬಿಡುವವಳಲ್ಲ ನಾನು, ಅದು ನಿಮಗೂ ಗೊತ್ತು ಅತ್ತೆ. ಮಾವ ಇಲ್ಲದ ಹೊತ್ತು ನೋಡಿ ಮೂರು ಸಲ ಕೇಳಿದ್ದೇನೆ. ಮೂರು ಸಲವೂ ಉಪ್ಪು ನೋಡು ಎಂದು ಸೌಟು ಕೈಗೆ ಕೊಟ್ಟಿದ್ದೀರಿ. ಈಗ ಅಚ್ಚಿನಲ್ಲಿ ಕೇಳುತ್ತಿದ್ದೇನೆ: ಮಸಾಲೆಯನ್ನು ಮನೆಯಿಂದಲೇ ಕಡೆದು ತಂದವರಿಗೆ, ಆ ಮನುಷ್ಯನನ್ನು ಮೂರು ಗಂಟೆ ಬಿಸಿಲಿನಲ್ಲಿ ಹಗ್ಗದ ಗಂಟು ಬಿಡಿಸುತ್ತಾ ಕಾಯಿಸುವ ಪರೀಕ್ಷೆ ಯಾಕೆ ಬೇಕಿತ್ತು?